ಲ್ಯಾಪ್‌ಟಾಪ್ ಕೊಟ್ಟಾಯ್ತು, ಅದರಲ್ಲಿ ಓದೋಕೆ ಏನಿದೆ?

ಅಂಗವಿಕಲ ವಿದ್ಯಾರ್ಥಿಗಳಿಗೆ ತಂತ್ರಜ್ಞಾನದ ನೆರವು ಅಂದರೆ ನಮಗೆಲ್ಲ ನೆನಪಾಗುವ ದೃಶ್ಯ ಒಂದೇ. ಒಂದು ವೇದಿಕೆ, ಹಿಂದೆ ಬ್ಯಾನರ್. ಲ್ಯಾಪ್‌ಟಾಪ್ ಪೆಟ್ಟಿಗೆಯ ಒಂದು ತುದಿ ಗಣ್ಯರ ಕೈಯಲ್ಲಿ, ಇನ್ನೊಂದು ತುದಿ ವಿದ್ಯಾರ್ಥಿಯ ಕೈಯಲ್ಲಿ. ಮಾರನೇ ದಿನ ಪೇಪರಿನಲ್ಲಿ ಫೋಟೋ. ಕೊಡುವುದು ತಪ್ಪಲ್ಲ, ಕೊಡಲೇಬೇಕು. ಆದರೆ ನಿಜವಾದ ಕೆಲಸ ಶುರುವಾಗುವುದು ಆಮೇಲೆ.

ಆ ಲ್ಯಾಪ್‌ಟಾಪ್ ಶನಿವಾರಸಂತೆ ಕಡೆಯ ಒಂದು ಮನೆಗೆ ಹೋಯಿತು ಅಂದುಕೊಳ್ಳಿ. ಬಿ.ಎ. ಓದುವ ಹುಡುಗಿ. ಕಣ್ಣು ಕಾಣುವುದಿಲ್ಲ, ಕಂಪ್ಯೂಟರ್ ಬಳಸಲು ಚೆನ್ನಾಗಿ ಗೊತ್ತು. ಲ್ಯಾಪ್‌ಟಾಪಿನಲ್ಲಿ ಪರದೆ ಓದಿ ಹೇಳುವ ಸಾಫ್ಟ್‌ವೇರ್ ಇದೆ. ರಾತ್ರಿ ಕ್ಲಾಸಿನ ವಾಟ್ಸ್‌ಆಪ್ ಗ್ರೂಪಿಗೆ ನೋಟ್ಸ್ ಬರುತ್ತದೆ: ಕೈಬರಹದ ಹನ್ನೆರಡು ಪುಟ, ಮೊಬೈಲಿನಲ್ಲಿ ತೆಗೆದ ಹನ್ನೆರಡು ಫೋಟೋ. ಲ್ಯಾಪ್‌ಟಾಪ್ ಹೇಳುವುದು ‘ಇಮೇಜ್’ ಅಂತ ಮಾತ್ರ. ಹನ್ನೆರಡು ಸಲವೂ ಅದೇ. ಗ್ಯಾಸ್ ಸ್ಟವ್ ಕೊಟ್ಟು ಸಿಲಿಂಡರ್ ಕೊಡದ ಹಾಗೆ ಆಯಿತು, ಅಲ್ವಾ?

ವಿಶ್ವವಿದ್ಯಾಲಯಗಳು ಮಾಡಬೇಕಾದ ಕೆಲಸದ ದೊಡ್ಡ ಪಾಲು ಈ ಹನ್ನೆರಡು ಫೋಟೋಗಳಲ್ಲೇ ಅಡಗಿದೆ ಅನ್ನುವುದು ನನ್ನ ವಾದ. ಸಾಧನ ಕೊಡುವುದಕ್ಕೆ ಹಣ ಬೇಕು. ಆ ಸಾಧನ ಓದುವಂಥ ಫೈಲ್ ಕೊಡುವುದಕ್ಕೆ ಅಭ್ಯಾಸ ಬೇಕು, ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ನಮ್ಮಲ್ಲಿ ಎರಡನೆಯದ್ದೇ ಕಡಿಮೆ. ಕೊಡಗಿನಂಥ ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ಮನೆ ಮನೆಗೆ ನಡುವೆ ತೋಟ, ಊರು ಊರಿಗೆ ನಡುವೆ ಕಾಡು. ಅರ್ಥವಾಗದ ಫೋಟೋ ಬಂದರೆ ಪಕ್ಕದ ಮನೆಗೆ ಹೋಗಿ ‘ಸ್ವಲ್ಪ ಓದಿ ಹೇಳಿ’ ಅನ್ನೋಣವೆಂದರೆ ಪಕ್ಕದ ಮನೆಯೇ ಒಂದು ಕಿಲೋಮೀಟರ್ ದೂರ ಇರುತ್ತದೆ.

ಸ್ಕ್ರೀನ್ ರೀಡರ್ ಏನನ್ನು ಓದುತ್ತದೆ?

ಪರದೆಯ ಮೇಲಿನ ಅಕ್ಷರವನ್ನು ದನಿಯಾಗಿ ಹೇಳುವ ಸಾಫ್ಟ್‌ವೇರ್‌ಗೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ, ಐಫೋನಿನಲ್ಲಿ ವಾಯ್ಸ್‌ಓವರ್. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ. ಇದನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಶುರುಮಾಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಸ್ಕ್ರೀನ್ ರೀಡರ್‌ಗಳು ಸಾಮಾನ್ಯರ ಕೈಗೆ ಎಟುಕದಷ್ಟು ದುಬಾರಿ ಇದ್ದುದರಿಂದ ತಾವೇ ಒಂದು ಬರೆದು ಉಚಿತವಾಗಿ ಬಿಟ್ಟರು. ಅದರ ಜೊತೆಯಲ್ಲೇ ಬರುವ ಇ-ಸ್ಪೀಕ್ ದನಿಗೆ ಕನ್ನಡ ಗೊತ್ತು. ದನಿ ಯಂತ್ರದ ಥರ ಒರಟಾಗಿದೆ ನಿಜ. ಆದರೆ ಇಂಟರ್ನೆಟ್ ಇಲ್ಲದೆ ಕೆಲಸ ಮಾಡುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಅಭ್ಯಾಸ ಇರುವವರು ಅದನ್ನು ಎಷ್ಟು ವೇಗಕ್ಕೆ ಇಟ್ಟುಕೊಂಡು ಕೇಳುತ್ತಾರೆಂದರೆ ನಮಗೆ ಒಂದು ಪದವೂ ಹಿಡಿಯಲು ಆಗುವುದಿಲ್ಲ.

ಈ ಸಾಫ್ಟ್‌ವೇರ್‌ಗೆ ಕಣ್ಣಿಲ್ಲ ಅನ್ನುವುದನ್ನು ಮೇಷ್ಟ್ರುಗಳು ಮರೆಯುತ್ತಾರೆ. ಅದು ಪುಟವನ್ನು ನೋಡುವುದಿಲ್ಲ, ಫೈಲಿನ ಒಳಗೆ ಅಕ್ಷರ ಅಂತ ಏನು ದಾಖಲಾಗಿದೆಯೋ ಅದನ್ನು ತೆಗೆದು ಓದುತ್ತದೆ. ಪುಸ್ತಕವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಅಕ್ಷರವೇ ಇರುವುದಿಲ್ಲ, ಅದು ಬರೀ ಚಿತ್ರ. ಟೈಪ್ ಮಾಡಿದ್ದು, ಸ್ಕ್ಯಾನ್ ಮಾಡಿದ್ದು, ನಮಗೆ ಎರಡೂ ಪಿಡಿಎಫ್ ಒಂದೇ ಥರ ಕಾಣುತ್ತವೆ. ಆ ಬಿ.ಎ. ಹುಡುಗಿಗೆ ಒಂದು ಪಾಠ, ಇನ್ನೊಂದು ಖಾಲಿ ಹಾಳೆ.

ಕನ್ನಡಕ್ಕೆ ಇದರ ಮೇಲೆ ಇನ್ನೊಂದು ತಾಪತ್ರಯ ಇದೆ. ಅದು ಕನ್ನಡ ಟೈಪ್ ಮಾಡುವ ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳದ್ದು. ಪ್ರತಿ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಅದರದ್ದೇ ಜಾಗ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಈಗ ನೋಡಿ: ಹಳೆಯ ನುಡಿಯಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿದರೆ ಪರದೆಯ ಮೇಲೆ ಮುದ್ದಾಗಿ ಕನ್ನಡ ಅಂತಲೇ ಕಾಣುತ್ತದೆ. ಫೈಲಿನ ಒಳಗೆ ಇರುವುದು ಬೇರೆ. ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೀರಿರುವ ‘ಎ’, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಗೀರಿನ ‘ಎ’, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಂದು ಗೀರಿನ ‘ಎ’. ಸ್ಕ್ರೀನ್ ರೀಡರ್ ಪಾಪ, ಇದನ್ನೇ ಪ್ರಾಮಾಣಿಕವಾಗಿ ಓದುತ್ತದೆ. ಕುವೆಂಪು ಅವರ ಕಾವ್ಯದ ಮೇಲಿನ ಟಿಪ್ಪಣಿ ಹೀಗೆ ಪಿ, ಎ, ಪೌಂಡ್ ಅಂತ ಕಿವಿಗೆ ಬೀಳುವುದನ್ನು ಊಹಿಸಿಕೊಳ್ಳಿ. ಇವತ್ತಿಗೂ ಎಷ್ಟೋ ಕಡೆ ಪ್ರಶ್ನೆಪತ್ರಿಕೆ, ಸುತ್ತೋಲೆ, ನೋಟ್ಸ್ ತಯಾರಾಗುವುದು ಇದೇ ಫಾಂಟಿನಲ್ಲಿ. ಟೈಪಿಂಗ್ ಮಾಡುವವರಿಗೆ ಕೈ ಅದಕ್ಕೇ ಒಗ್ಗಿದೆ.

ಪರೀಕ್ಷಿಸಿ ನೋಡಲು ಸುಲಭದ ದಾರಿ ಇದೆ. ನಿಮ್ಮ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆಪ್‌ಗೆ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಸರಿ ಇದೆ. ಚಿತ್ರವಿಚಿತ್ರ ಇಂಗ್ಲಿಷ್ ಬಂದರೆ ಹಳೆಯ ಫಾಂಟು. ಸಾಲು ಆಯ್ಕೆಯೇ ಆಗದಿದ್ದರೆ ಸ್ಕ್ಯಾನ್ ಮಾಡಿದ ಚಿತ್ರ. ಹಳೆಯ ಫಾಂಟಿನ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಮೂಲ ವರ್ಡ್ ಫೈಲ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಒಂದು ಎಚ್ಚರಿಕೆ: ಯೂನಿಕೋಡಿನಲ್ಲೇ ಬರೆದರೂ ಪಿಡಿಎಫ್ ಮಾಡುವಾಗ ಒತ್ತಕ್ಷರಗಳು ಒಳಗೊಳಗೇ ಕಲಸಿಹೋಗುವುದುಂಟು. ಅದಕ್ಕೇ ಪಿಡಿಎಫ್ ಜೊತೆ ವರ್ಡ್ ಫೈಲನ್ನೂ ಕೊಡುವುದು ಒಳ್ಳೆಯದು. ಮೇಷ್ಟ್ರಿಗೆ ಇದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಅಕ್ಷರ ಸರಿ ಇದ್ದರೂ ನಲವತ್ತು ಪುಟದ ನೋಟ್ಸನ್ನು ಮೊದಲಿನಿಂದ ಕೊನೆಯ ತನಕ ಕೇಳುತ್ತಾ ಕೂರುವುದು ಯಾರಿಗೆ ಆಗುತ್ತದೆ? ನಾವು ಕಣ್ಣಾಡಿಸಿ ದಪ್ಪಕ್ಷರದ ತಲೆಬರಹ ಹುಡುಕುತ್ತೇವೆ. ಎನ್‌ವಿಡಿಎ ಬಳಸುವವರು ವೆಬ್ ಪುಟದಲ್ಲಿ ‘ಎಚ್’ ಕೀಲಿ ಒತ್ತುತ್ತಾ ತಲೆಬರಹದಿಂದ ತಲೆಬರಹಕ್ಕೆ ನೆಗೆಯುತ್ತಾರೆ, ವರ್ಡ್‌ನಲ್ಲೂ ಹಾಗೆ ನೆಗೆಯುವ ವ್ಯವಸ್ಥೆ ಇದೆ. ಆದರೆ ಬರೀ ಅಕ್ಷರ ದಪ್ಪ ಮಾಡಿದರೆ ಅದು ತಲೆಬರಹ ಅಂತ ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ. ವರ್ಡ್‌ನಲ್ಲಿ ಮೇಲೆ ‘ಹೆಡಿಂಗ್ 1’, ‘ಹೆಡಿಂಗ್ 2’ ಅಂತ ಗುಂಡಿ ಇರುತ್ತದಲ್ಲ, ಅದನ್ನು ಒತ್ತಬೇಕು. ಅದು ಯಾಕಿದೆ ಅಂತ ಬಹಳ ಜನ ಯೋಚಿಸಿಯೇ ಇರುವುದಿಲ್ಲ.

ಇನ್ನು ಚಿತ್ರಗಳು. ಪ್ರತಿ ಚಿತ್ರಕ್ಕೂ ಅದರಲ್ಲಿ ಏನಿದೆ ಅಂತ ಎರಡು ಸಾಲು ಬರೆದು ಸೇರಿಸಬಹುದು. ಅದಕ್ಕೆ ಆಲ್ಟ್ ಟೆಕ್ಸ್ಟ್ ಅನ್ನುತ್ತಾರೆ. ಪರದೆಯಲ್ಲಿ ಕಾಣುವುದಿಲ್ಲ, ಸ್ಕ್ರೀನ್ ರೀಡರ್ ಮಾತ್ರ ಓದುತ್ತದೆ. ಕಾಫಿಯ ಬಿಳಿ ಕಾಂಡಕೊರಕದ ಚಿತ್ರವನ್ನೇ ತೆಗೆದುಕೊಳ್ಳಿ. ‘ಚಿತ್ರ 3’ ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ‘ಅರೇಬಿಕಾ ಗಿಡದ ಕಾಂಡ ಸೀಳಿದ್ದು, ತೊಗಟೆಯ ಮೇಲೆ ಏಣು ಏಣಾಗಿ ಉಬ್ಬಿದೆ, ಒಳಗೆ ಮರಿಹುಳು ಕೊರೆದ ಸುರಂಗ, ಅದರ ತುಂಬ ಗಟ್ಟಿಯಾಗಿ ಒತ್ತಿದ ಮರದ ಪುಡಿ’ ಅಂತ ಬರೆದರೆ ಪಾಠ ಮುಟ್ಟಿತು. ಹೀಗೆ ಬರೆಯಲು ಆ ವಿಷಯ ಗೊತ್ತಿರುವವರೇ ಬೇಕು. ಕಂಪ್ಯೂಟರ್ ಲ್ಯಾಬಿನವರಿಂದ ಆಗುವ ಕೆಲಸ ಅಲ್ಲ ಇದು. ಚಿತ್ರದಲ್ಲಿ ಏನು ಮುಖ್ಯ ಅಂತ ನಿರ್ಧರಿಸುವುದೂ ಪಾಠ ಹೇಳುವುದರ ಭಾಗವೇ.

ಪಠ್ಯಪುಸ್ತಕಗಳ ವಿಚಾರ

ನೋಟ್ಸ್ ಹಾಗಿರಲಿ, ಲೈಬ್ರರಿಯಲ್ಲಿರುವ ಪುಸ್ತಕಗಳನ್ನು ಏನು ಮಾಡುವುದು? ‘ಸ್ಕ್ಯಾನ್ ಮಾಡಿದರೆ ಕಾಪಿರೈಟ್ ತೊಂದರೆ ಬರುತ್ತದೆ ಕಣಮ್ಮ’ ಅನ್ನುವ ಮಾತನ್ನು ಎಷ್ಟೋ ಮಕ್ಕಳು ಕೇಳಿರುತ್ತಾರೆ. ಇದು ಹಳೆಯ ಭಯ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಮುದ್ರಿತ ಪುಸ್ತಕ ಓದಲು ಆಗದ ಅಂಗವಿಕಲರಿಗಾಗಿ ಅದನ್ನು ಅವರು ಓದಬಲ್ಲ ರೂಪಕ್ಕೆ ಬದಲಿಸಲು ಪ್ರಕಾಶಕರ ಅನುಮತಿ ಬೇಕಿಲ್ಲ, ಲಾಭಕ್ಕೆ ಮಾಡಬಾರದು ಅಷ್ಟೇ. ಸರ್ಕಾರದ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆ, ಲೈಬ್ರರಿಗಳಿಗೂ ಈ ಅವಕಾಶ ಇದೆ. ಅಂಥ ಪುಸ್ತಕಗಳು ದೇಶದಿಂದ ದೇಶಕ್ಕೆ ಹೋಗಲು ದಾರಿ ಮಾಡಿದ ಮರ್ರಾಕೇಶ್ ಒಪ್ಪಂದಕ್ಕೆ 2014ರಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿಗೆ ಕೊಟ್ಟ ದೇಶವೂ ಭಾರತವೇ. 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ ಅನ್ನುವ ಆನ್‌ಲೈನ್ ಗ್ರಂಥಾಲಯವೂ ಇದೆ. ಸದಸ್ಯರಾದವರು ಪುಸ್ತಕ ಇಳಿಸಿಕೊಂಡು ಕೇಳಬಹುದು.

ಅಲ್ಲಿ ಇಲ್ಲದ ಕನ್ನಡ ಪುಸ್ತಕವನ್ನು ನಾವೇ ಮಾಡಿಕೊಳ್ಳಬೇಕು. ಚಿತ್ರದಲ್ಲಿರುವ ಅಕ್ಷರವನ್ನು ಗುರುತಿಸಿ ಬರಹವಾಗಿ ಮಾಡುವ ತಂತ್ರಕ್ಕೆ ಒಸಿಆರ್ ಅನ್ನುತ್ತಾರೆ. ಬೆಂಗಳೂರಿನ ಐಐಎಸ್‌ಸಿ ಕನ್ನಡದ ಒಸಿಆರ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಗೂಗಲ್ ಡ್ರೈವ್‌ಗೆ ಸ್ಕ್ಯಾನ್ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಕನ್ನಡ ಬರಹ ಸಿಗುತ್ತದೆ. ಪುಟ ನೇರವಾಗಿರಬೇಕು, ನೆರಳು ಬೀಳಬಾರದು, ಸ್ಕ್ಯಾನಿನ ಸ್ಪಷ್ಟತೆ 300 ಡಿಪಿಐ ಇದ್ದರೆ ಒಳ್ಳೆಯದು. ಆದರೂ ತಪ್ಪು ಬರುತ್ತದೆ, ಅದರಲ್ಲೂ ಒತ್ತಕ್ಷರಗಳಲ್ಲಿ ಮತ್ತು ಹಳೆಯ ಅಚ್ಚಿನ ಪುಸ್ತಕಗಳಲ್ಲಿ. ಯಾರಾದರೂ ಕೂತು ತಿದ್ದಬೇಕು.

ಈ ತಿದ್ದುವ ಕೆಲಸಕ್ಕೆ ಎನ್‌ಎಸ್‌ಎಸ್ ಮಕ್ಕಳಿಗಿಂತ ಒಳ್ಳೆಯವರು ಯಾರಿದ್ದಾರೆ? ವರ್ಷಕ್ಕೊಮ್ಮೆ ಕ್ಯಾಂಪ್ ಮಾಡಿ ರಸ್ತೆ ಗುಡಿಸುವುದು ಬೇಡ ಅನ್ನುತ್ತಿಲ್ಲ. ಆದರೆ ಮಳೆಗಾಲದಲ್ಲಿ ಕೊಡಗಿನಲ್ಲಿ ಹೊರಗೆ ಏನು ತಾನೇ ಮಾಡೋಕೆ ಆಗುತ್ತದೆ? ಒಬ್ಬೊಬ್ಬರು ದಿನಕ್ಕೆ ಎರಡು ಪುಟ ತಿದ್ದಿದರೂ ಒಂದು ಸೆಮಿಸ್ಟರಿನ ಪುಸ್ತಕ ಜುಲೈ ಮುಗಿಯುವ ಮೊದಲೇ ಸಿದ್ಧವಾಗುತ್ತದೆ. ಮುಂದಿನ ವರ್ಷದ ಮಗುವಿಗೂ ಅದೇ ಫೈಲ್ ಸಾಕು.

ಎಂಜಿನಿಯರಿಂಗ್ ಕಾಲೇಜುಗಳಿಗೂ ಇಲ್ಲಿ ಕೆಲಸ ಇದೆ. ಐಐಟಿ ದೆಹಲಿಯವರು ‘ಸ್ಮಾರ್ಟ್‌ಕೇನ್’ ಅನ್ನುವ ಕೋಲನ್ನು ಮಾಡಿ 2014ರಲ್ಲಿ ಬಿಡುಗಡೆ ಮಾಡಿದರು. ಮಾಮೂಲಿ ಬಿಳಿ ಕೋಲಿಗೆ ಸಿಗದ, ಮೊಣಕಾಲಿನಿಂದ ತಲೆಯ ಎತ್ತರದವರೆಗಿನ ಅಡ್ಡಿಗಳನ್ನು ಅದು ಕಂಪನದ ಮೂಲಕ ತಿಳಿಸುತ್ತದೆ. ತೋಟದ ದಾರಿಗೆ ಬಾಗಿದ ಕೊಂಬೆಯಂಥವು. ಅವರದು ಬಳಸುವವರ ಜೊತೆ ವರ್ಷಗಟ್ಟಲೆ ತಿದ್ದಿ ತೀಡಿದ ಕೆಲಸ. ಅದನ್ನು ನೋಡಿ ಪ್ರತಿ ವರ್ಷ ಎಲ್ಲೋ ಒಂದು ಕಡೆ ಅಂತಿಮ ವರ್ಷದವರು ಸೆನ್ಸರ್ ಕಟ್ಟಿದ ಕೋಲು ಮಾಡುತ್ತಾರೆ, ಮಾರ್ಕ್ಸ್ ಬರುತ್ತದೆ, ಕೋಲು ಲ್ಯಾಬಿನ ಬೀರು ಸೇರುತ್ತದೆ. ಕುಶಾಲನಗರ, ಪೊನ್ನಂಪೇಟೆಯಲ್ಲಿ ಓದುವ ಹುಡುಗರಿಗೆ ನನ್ನ ಸಲಹೆ: ಕೋಲು ಸಾಕು. ತಮ್ಮದೇ ಕಾಲೇಜಿನ ವೆಬ್‌ಸೈಟನ್ನು ಸ್ಕ್ರೀನ್ ರೀಡರ್ ಓದುವಂತೆ ಸರಿ ಮಾಡುವುದನ್ನು ಪ್ರಾಜೆಕ್ಟ್ ಆಗಿ ತೆಗೆದುಕೊಳ್ಳಿ.

ಕಿವಿ ಕೇಳದವರ ಕ್ಲಾಸು

ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ ಬಿಡಿ ಅನ್ನುವವರು ಕನ್ನಡಿಯ ಮುಂದೆ ನಿಂತು ದನಿ ಇಲ್ಲದೆ ‘ಮರ’, ‘ಬರ’, ‘ಪರ’ ಅಂತ ಹೇಳಿ ನೋಡಲಿ. ಮೂರಕ್ಕೂ ತುಟಿಯ ಚಲನೆ ಒಂದೇ. ಉಳಿದದ್ದನ್ನೆಲ್ಲ ಸಂದರ್ಭ ನೋಡಿ ಊಹಿಸಬೇಕು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಊಹೆಯೂ ನಿಂತಿತು.

ಮಾತನ್ನು ಆಗಿಂದಾಗಲೇ ಅಕ್ಷರವಾಗಿ ತೋರಿಸುವ ‘ಲೈವ್ ಟ್ರಾನ್ಸ್‌ಕ್ರೈಬ್’ ಅನ್ನು ಗೂಗಲ್ 2019ರಲ್ಲಿ ಬಿಟ್ಟಿತು. ಕನ್ನಡವೂ ಇದೆ. ಶಾಂತವಾದ ಕೋಣೆ, ಒಳ್ಳೆಯ ನೆಟ್‌ವರ್ಕ್, ಹತ್ತಿರದಲ್ಲೇ ಮೈಕ್ ಇದ್ದರೆ ಉಪಯೋಗಕ್ಕೆ ಬರುತ್ತದೆ. ನಮ್ಮ ಕ್ಲಾಸುಗಳಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಓಡುತ್ತಿರುತ್ತದೆ, ಅಲ್ಲಿ ಅದು ಎಡವುತ್ತದೆ. ಅಲ್ಲದೆ ಮಳೆಗಾಲ. ಶೀಟು ಹೊದಿಸಿದ ಕಟ್ಟಡದಲ್ಲಿ ಮಳೆ ಬಿದ್ದಾಗ ಕಿವಿ ಸರಿ ಇರುವವರಿಗೇ ಪಾಠ ಕೇಳಿಸುವುದಿಲ್ಲ. ಶ್ರವಣ ಸಾಧನ ಹಾಕಿದವರಿಗೆ ಅದು ಮೇಷ್ಟ್ರ ಮಾತಿನ ಜೊತೆ ಮಳೆಯ ಸದ್ದನ್ನೂ ಜೋರು ಮಾಡಿ ಕೊಡುತ್ತದೆ. ಇದಕ್ಕೆ ಪರಿಹಾರ ಇದೆ: ಮೇಷ್ಟ್ರ ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕ್, ಅದರ ದನಿ ನೇರವಾಗಿ ಶ್ರವಣ ಸಾಧನಕ್ಕೆ ಹೋಗುತ್ತದೆ. ಯಾವ ಸಾಧನಕ್ಕೆ ಯಾವುದು ಹೊಂದುತ್ತದೆ ಅಂತ ಕೇಳಲು ನಮಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಿಂದ ಇರುವ ಸಂಸ್ಥೆ, ಮಡಿಕೇರಿಯಿಂದ ಬಸ್ಸಿನಲ್ಲಿ ಹೋಗಿ ಅದೇ ದಿನ ವಾಪಸ್ ಬರಬಹುದು.

ಸಂಜ್ಞೆ ಭಾಷೆಯಲ್ಲೇ ಬೆಳೆದವರಿಗೆ ದುಭಾಷಿ ಬೇಕು. ಸಣ್ಣ ಊರುಗಳಲ್ಲಿ ದುಭಾಷಿ ಸಿಗುವುದು ಕಷ್ಟ. ದೆಹಲಿಯ ಭಾರತೀಯ ಸಂಜ್ಞೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಹತ್ತು ಸಾವಿರ ಪದಗಳ ವಿಡಿಯೊ ನಿಘಂಟು ಮಾಡಿದೆ. ಆದರೆ ನಿಘಂಟು ಕ್ಲಾಸಿನಲ್ಲಿ ನಿಂತು ಅನುವಾದ ಮಾಡುವುದಿಲ್ಲ. ವಿಡಿಯೊ ಕರೆಯ ಮೂಲಕ ದೂರದಿಂದ ದುಭಾಷಿಯನ್ನು ಕೂರಿಸುವುದು ಒಂದು ದಾರಿ. ಅದಕ್ಕೆ ಕಾಲೇಜಿನ ಇಂಟರ್ನೆಟ್ ಗಟ್ಟಿಯಾಗಿರಬೇಕು ಮತ್ತು ಖರ್ಚನ್ನು ವಿಶ್ವವಿದ್ಯಾಲಯವೇ ಹೊರಬೇಕು.

ಕೈ ಆಡದವರಿಗೆ, ಓದುವಾಗ ಅಕ್ಷರ ತೊಡಕಾಗುವ ಡಿಸ್ಲೆಕ್ಸಿಯಾದವರಿಗೆ ಬೇಕಾದ್ದು ಹೆಚ್ಚಿನ ಪಾಲು ಈಗಾಗಲೇ ಫೋನಿನಲ್ಲೇ ಇದೆ. ಫೋನಿನ ಕೀಲಿಮಣೆಯಾದ ಜಿಬೋರ್ಡ್‌ನಲ್ಲೂ ಗೂಗಲ್ ಡಾಕ್ಸ್‌ನಲ್ಲೂ ಕನ್ನಡ ಮಾತಾಡಿದರೆ ಬರಹವಾಗುತ್ತದೆ. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಒಂದು ಪೆಟ್ಟಿಗೆ ಮೂಡಿ ಕಿರಿಕಿರಿ ಮಾಡುತ್ತದಲ್ಲ, ಅದೇ ‘ಸ್ಟಿಕಿ ಕೀಸ್’. ಒಂದೇ ಬೆರಳಿನಲ್ಲಿ ಟೈಪ್ ಮಾಡುವವರು ಎರಡು ಕೀಲಿ ಒಟ್ಟಿಗೆ ಒತ್ತುವ ಕಷ್ಟ ತಪ್ಪಿಸಲು ಇರುವ ಸೌಲಭ್ಯ ಅದು.

ಪರೀಕ್ಷೆಯ ಕೋಣೆಯಲ್ಲಿ

ವರ್ಷವಿಡೀ ಹೇಗೋ ನಡೆಯುತ್ತದೆ. ಎಲ್ಲ ಬಯಲಾಗುವುದು ಪರೀಕ್ಷೆಯಲ್ಲಿ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಸಹಾಯಕ ಬರಹಗಾರರನ್ನು, ಅಂದರೆ ಸ್ಕ್ರೈಬ್ ಅನ್ನು ಪಡೆಯಬಹುದು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೂ ಸಿಗಬೇಕು. ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ.

ಕಾಗದದ ಮೇಲೆ ಚೆನ್ನಾಗಿದೆ. ಈಗ ವಿರಾಜಪೇಟೆಯಲ್ಲಿ ಮಧ್ಯಾಹ್ನದ ಪರೀಕ್ಷೆ ಅಂದುಕೊಳ್ಳಿ. ಎಲ್ಲರೂ ಐದಕ್ಕೆ ಹೊರಟರೆ ಈ ಹುಡುಗ ಹೊರಡುವುದು ಆರಕ್ಕೆ. ಊರಿನ ಕಡೆಯ ಬಸ್ಸು ಅಷ್ಟೊತ್ತಿಗೆ ಹೋಗಿರುತ್ತದೆ. ಹಾಗಾಗಿ ಹೆಚ್ಚುವರಿ ಗಂಟೆಯನ್ನು ಬಿಟ್ಟು ಎಲ್ಲರ ಜೊತೆಯೇ ಎದ್ದುಬಿಡುವವರು ಇರುತ್ತಾರೆ. ಅಂಥವರಿಗೆ ಅರ್ಧ ಗಂಟೆ ಮೊದಲೇ ಕೋಣೆ ತೆರೆದು ಪತ್ರಿಕೆ ಕೊಡಬಹುದಾ, ಬೆಳಗಿನ ಅವಧಿಗೆ ಹಾಕಬಹುದಾ ಅನ್ನುವುದನ್ನು ವೇಳಾಪಟ್ಟಿ ಮಾಡುವಾಗಲೇ ಯೋಚಿಸಬೇಕು. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ.

ಸ್ಕ್ರೈಬ್ ವಿಚಾರಕ್ಕೆ ಬಂದರೆ, ಅಭ್ಯರ್ಥಿಯೇ ಕರೆತರುವ ಬರಹಗಾರರ ಓದು ಅಭ್ಯರ್ಥಿಗಿಂತ ಕಡಿಮೆ ಇರಬೇಕು ಅಂತ ಆ ಮಾರ್ಗಸೂಚಿ ಹೇಳುತ್ತದೆ. ಕಾಪಿ ತಡೆಯಲು ಈ ನಿಯಮ. ಪರಿಣಾಮ ಏನೆಂದರೆ ಬಿ.ಎಸ್ಸಿ. ಹುಡುಗ ರಸಾಯನಶಾಸ್ತ್ರದ ಸಮೀಕರಣವನ್ನು ಪಿಯುಸಿ ಕಾಮರ್ಸ್ ಹುಡುಗಿಗೆ ಹೇಳಿ ಬರೆಸುತ್ತಿರುತ್ತಾನೆ. ಸಂಖ್ಯೆ ಕೆಳಗೆ ಬರಬೇಕಾ ಮೇಲೆ ಬರಬೇಕಾ ಅಂತ ಪ್ರತಿ ಸಲ ಹೇಳಬೇಕು. ಅವನ ಅರ್ಧ ಶಕ್ತಿ ಅಲ್ಲೇ ಹೋಗುತ್ತದೆ.

ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಅವಕಾಶ ಇದೆ, ಅದನ್ನು ಬಳಸುವವರು ಕಡಿಮೆ. ಉತ್ತರವನ್ನು ಕಂಪ್ಯೂಟರಿನಲ್ಲಿ ತಾವೇ ಟೈಪ್ ಮಾಡಬಹುದು. ಒಂದು ದಿನ ಮೊದಲೇ ಬಂದು ಆ ಕಂಪ್ಯೂಟರನ್ನು ಪರೀಕ್ಷಿಸಿ ನೋಡಲೂ ಬಿಡಬೇಕು. ವಿಶ್ವವಿದ್ಯಾಲಯದ ಕಡೆಯಿಂದ ಬೇಕಾದ್ದು ಯೂನಿಕೋಡಿನಲ್ಲಿರುವ ಪ್ರಶ್ನೆಪತ್ರಿಕೆ, ಇಂಟರ್ನೆಟ್ ತೆಗೆದ ಒಂದು ಕಂಪ್ಯೂಟರ್, ಒಂದು ಯುಪಿಎಸ್ ಮತ್ತು ಪಕ್ಕದಲ್ಲಿ ಒಬ್ಬ ಮೇಲ್ವಿಚಾರಕರು. ಯುಪಿಎಸ್ ಅಂದದ್ದು ಸುಮ್ನೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನಲ್ಲಿ ಎಲ್ಲಿ ಯಾವ ಮರ ಯಾವ ತಂತಿಯ ಮೇಲೆ ಬೀಳುತ್ತದೆ ಅಂತ ಯಾರಿಗೆ ಗೊತ್ತು?

ಪ್ರಮಾಣಪತ್ರದಲ್ಲಿ ಶೇ 40ರಷ್ಟು ಅಂಗವೈಕಲ್ಯ ಅಂತ ಇಲ್ಲದವರಿಗೆ ಇದ್ಯಾವುದೂ ಇಲ್ಲ ಅನ್ನುವುದೂ ಹಳೆಯ ಮಾತಾಯಿತು. ಬರೆಯಲು ಹೊರಟರೆ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ವಿಕಾಸ್ ಕುಮಾರ್ ಅವರಿಗೆ ಯುಪಿಎಸ್‌ಸಿ ಸ್ಕ್ರೈಬ್ ಕೊಡಲು ಒಪ್ಪಲಿಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ತೊಂದರೆಗೆ ತಕ್ಕ ಅನುಕೂಲ ಪಡೆಯುವ ಹಕ್ಕಿಗೆ ಶೇ 40ರ ಗೆರೆ ಇಲ್ಲ, ಆ ಗೆರೆ ಇರುವುದು ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ ಅಂತ ಹೇಳಿತು. ಮರುವರ್ಷ ಸರ್ಕಾರ ಅಂಥವರಿಗೂ ಪ್ರತ್ಯೇಕ ಮಾರ್ಗಸೂಚಿ ತಂದಿತು.

ಕಾನೂನು ಎಷ್ಟು ಗಟ್ಟಿ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಳೆಯ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯ ಇದ್ದವು, ಇದರಲ್ಲಿ 21. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡಬೇಕು.

ಆದರೆ ಇದರಲ್ಲಿ ಒಂದು ಸಂದು ಇದೆ. ಪುಸ್ತಕ, ಕಲಿಕೆಯ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕು ಅನ್ನುವ ಮಾತು ಹದಿನೆಂಟು ವರ್ಷದ ತನಕ ಮಾತ್ರ. ಪಿಯುಸಿ ಮುಗಿಸಿ ಪದವಿಗೆ ಕಾಲಿಡುವಾಗಲೇ ಆ ವಯಸ್ಸು ಮುಗಿದಿರುತ್ತದೆ. ಓದು ಕಷ್ಟವಾಗುವುದೂ ಆಗಲೇ. ಪದವಿ ವಿದ್ಯಾರ್ಥಿಗೆ ಉಳಿಯುವ ಆಸರೆ 16ನೇ ಸೆಕ್ಷನ್: ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳು ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ ಅದು. ‘ತಕ್ಕ’ ಎಷ್ಟು ಅನ್ನುವುದನ್ನು ಕೇಳಿ ಪಡೆಯಬೇಕು.

ಅಂಗವಿಕಲರೂ ಬಳಸುವ ಹಾಗಿದೆಯಾ ಅಂತ ನೋಡಲು ವೆಬ್‌ಸೈಟ್, ಆಪ್‌ಗಳಿಗೂ ಅಳತೆಗೋಲು ಇದೆ. ಜಗತ್ತಿನೆಲ್ಲೆಡೆ ಬಳಸುವುದು ಡಬ್ಲ್ಯೂಸಿಎಜಿ ಅನ್ನುವ ಮಾನದಂಡ. ಭಾರತದ್ದೇ ಆದ ಐಎಸ್ 17802 ಅನ್ನು 2023ರಲ್ಲಿ ಈ ಕಾಯ್ದೆಯ ನಿಯಮಗಳಿಗೆ ಸೇರಿಸಿದರು. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು: ಕಾಯ್ದೆ ‘ಮಾಡಲೇಬೇಕು’ ಅನ್ನುವಾಗ ನಿಯಮ ಬರೀ ಸಲಹೆಯ ಥರ ಇದ್ದರೆ ಆಗದು, ಕಡ್ಡಾಯವಾದ ಕನಿಷ್ಠ ಮಾನದಂಡ ತನ್ನಿ.

ಸಾಮಾನ್ಯರ ಮಟ್ಟದಲ್ಲಿ ಇದರ ಅರ್ಥ ಸರಳ. ಪರೀಕ್ಷಾ ಶುಲ್ಕ ಕಟ್ಟುವ ಪೋರ್ಟಲ್ ತೆರೆದು ಮೌಸ್ ಪಕ್ಕಕ್ಕಿಡಿ. ಬರೀ ಟ್ಯಾಬ್ ಮತ್ತು ಎಂಟರ್ ಕೀಲಿಯಿಂದ ಅರ್ಜಿ ಮುಗಿಸಲು ಆಗುತ್ತದಾ? ಸೊಟ್ಟ ಅಕ್ಷರದ ಕ್ಯಾಪ್ಚಾ ಚಿತ್ರ ಬಂದರೆ ಕೇಳಿಸಿಕೊಳ್ಳುವ ದಾರಿ ಇದೆಯಾ? ಇಲ್ಲದಿದ್ದರೆ ಸ್ವಂತ ಲ್ಯಾಪ್‌ಟಾಪ್ ಇರುವ ಹುಡುಗಿಯೂ ಸೈಬರ್ ಸೆಂಟರಿಗೆ ಹೋಗಿ ಪಾಸ್‌ವರ್ಡನ್ನು ಯಾರಿಗೋ ಹೇಳಬೇಕಾಗುತ್ತದೆ. ಇದನ್ನು ತಡೆಯಬೇಕಾದ್ದು ಸಾಫ್ಟ್‌ವೇರ್ ಕೊಳ್ಳುವ ಟೆಂಡರಿನಲ್ಲೇ. ಕೊಂಡ ಮೇಲೆ ತಿದ್ದಿಸುವುದು ದುಬಾರಿ ಕೆಲಸ.

ಹೊರದೇಶದಲ್ಲೂ ಇದೆಲ್ಲ ತಾನಾಗಿ ಆಗಿಲ್ಲ. ಹಾರ್ವರ್ಡ್ ಮತ್ತು ಎಂಐಟಿ ತಮ್ಮ ಆನ್‌ಲೈನ್ ಪಾಠಗಳಿಗೆ ಮಾತನ್ನು ಅಕ್ಷರದಲ್ಲಿ ತೋರಿಸುವ ಸರಿಯಾದ ಕ್ಯಾಪ್ಶನ್ ಹಾಕಿಲ್ಲ ಅಂತ ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ 2015ರಲ್ಲಿ ಕೋರ್ಟಿಗೆ ಹೋಯಿತು. ಹಾರ್ವರ್ಡ್ ರಾಜಿ ಮಾಡಿಕೊಂಡದ್ದು 2019ರಲ್ಲಿ, ಎಂಐಟಿ 2020ರಲ್ಲಿ. ಬರ್ಕ್ಲಿ ವಿಶ್ವವಿದ್ಯಾಲಯದ್ದು ಇನ್ನೂ ವಿಚಿತ್ರ. ಇಂಥದೇ ದೂರು ಬಂದಾಗ ಕ್ಯಾಪ್ಶನ್ ಹಾಕುವ ಬದಲು 2017ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಆಡಿಯೊ, ವಿಡಿಯೊ ಪಾಠಗಳನ್ನು ಸಾರ್ವಜನಿಕರಿಗೆ ಸಿಗದಂತೆ ತೆಗೆದುಬಿಟ್ಟಿತು. ಮೊದಲ ದಿನದಿಂದ ಒಂದೊಂದಾಗಿ ಸರಿ ಮಾಡದೆ ರಾಶಿ ಬೆಳೆಯಲು ಬಿಟ್ಟರೆ ಎಂಥ ಸಂಸ್ಥೆಯೂ ಕೈಚೆಲ್ಲುತ್ತದೆ.

ನಮ್ಮ ಜಿಲ್ಲೆಗೆ ಈ ಪಾಠ ಉಪಯೋಗಕ್ಕೆ ಬರುತ್ತದೆ. ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಚಿಕ್ಕ ಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. ಎರಡೇ ವರ್ಷಕ್ಕೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೂ ಬಂತು, ಜಿಲ್ಲೆಯಲ್ಲಿ ವಿರೋಧವೂ ಎದ್ದಿತು. ಆ ಚರ್ಚೆ ಏನೇ ಇರಲಿ, ಹೊಸ ಸಂಸ್ಥೆಗೆ ಒಂದು ಅನುಕೂಲ ಇದೆ: ಹಳೆಯ ಫೈಲುಗಳ ರಾಶಿ ಇಲ್ಲ. ಇಂದಿನಿಂದ ಸುತ್ತೋಲೆ, ಪಠ್ಯಕ್ರಮ, ಪ್ರಶ್ನೆಪತ್ರಿಕೆ ಎಲ್ಲ ಯೂನಿಕೋಡಿನಲ್ಲೇ ಅಂತ ಒಂದು ಆದೇಶ, ಹೆಡಿಂಗ್ ಹಾಕಿದ ಒಂದು ಮಾದರಿ ವರ್ಡ್ ಫೈಲ್ ಎಲ್ಲ ಕಾಲೇಜಿಗೂ ಹೋದರೆ ಅರ್ಧ ದಾರಿ ಸವೆಯುತ್ತದೆ. ಕಾಲೇಜುಗಳಲ್ಲಿ ಸಮಾನ ಅವಕಾಶ ಘಟಕ ಇರಬೇಕು ಅಂತ ಯುಜಿಸಿ ಹೇಳುತ್ತಲೇ ಇದೆ, 2022ರಲ್ಲಿ ಸುಗಮ್ಯತೆಯ ಮಾರ್ಗಸೂಚಿಯನ್ನೂ ತಂದಿದೆ. ಆದರೆ ಘಟಕದ ಸಂಚಾಲಕರೇ ಎನ್‌ಎಸ್‌ಎಸ್, ರೆಡ್‌ಕ್ರಾಸ್, ಕ್ರೀಡೆ ಎಲ್ಲ ನೋಡಿಕೊಳ್ಳುತ್ತಿದ್ದರೆ ಆ ಬೋರ್ಡಿಗೆ ಏನು ಬೆಲೆ? ವಾರಕ್ಕೆ ನಾಲ್ಕು ಪೀರಿಯಡ್ ಕಡಿಮೆ ಮಾಡಿ ಒಬ್ಬರಿಗೆ ಈ ಕೆಲಸ ಕೊಡಬೇಕು.

ನೆಟ್‌ವರ್ಕಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಗುಡ್ಡ ಹತ್ತಿದರೆ ಎರಡು ಕಡ್ಡಿ, ಇಳಿದರೆ ಅದೂ ಇಲ್ಲ. ಹನ್ನೆರಡು ಫೋಟೋ ಇಳಿಯಲು ಒದ್ದಾಡುವ ಜಾಗದಲ್ಲಿ ಅದೇ ನೋಟ್ಸಿನ ವರ್ಡ್ ಫೈಲ್ ಕ್ಷಣದಲ್ಲಿ ಇಳಿಯುತ್ತದೆ, ಇಂಟರ್ನೆಟ್ ಇಲ್ಲದೆಯೂ ಓದಿಸಿಕೊಳ್ಳುತ್ತದೆ. ಇದರ ಲಾಭ ಕಣ್ಣು ಕಾಣುವ ಉಳಿದ ಮಕ್ಕಳಿಗೂ ಸಿಗುತ್ತದೆ.

ನಿಮ್ಮ ಮನೆಯಲ್ಲೇ ಇಂಥ ಮಗು ಇದ್ದರೆ ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಊರಲ್ಲಿ ವಿಆರ್‌ಡಬ್ಲ್ಯೂ ಅಂತ ಕರೆಯುವವರು, ಅರ್ಜಿಗೆ ನೆರವಾಗುತ್ತಾರೆ. ಸೆಮಿಸ್ಟರ್ ಶುರುವಾದ ಮೊದಲ ವಾರದಲ್ಲೇ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ‘ಸಹಾಯ ಮಾಡಿ’ ಅಂತ ಬರೆಯಬೇಡಿ. ಯಾವ ವಿಷಯದ ನೋಟ್ಸ್ ಯಾವ ರೂಪದಲ್ಲಿ ಬೇಕು, ಪರೀಕ್ಷೆಗೆ ಸ್ಕ್ರೈಬ್ ಬೇಕಾ ಕಂಪ್ಯೂಟರ್ ಬೇಕಾ ಅಂತ ಬಿಡಿಸಿ ಬರೆಯಿರಿ, 16ನೇ ಸೆಕ್ಷನ್ ಹೆಸರಿಸಿ. ನಕಲಿನ ಮೇಲೆ ಆಫೀಸಿನ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಮುಂದೆ ಬೆಂಗಳೂರಿನಲ್ಲಿರುವ ಅಂಗವಿಕಲರ ಕಾಯ್ದೆಯ ರಾಜ್ಯ ಆಯುಕ್ತರ ತನಕ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಆ ಕಾಗದವನ್ನೇ. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವುದಾದರೆ ಹಿಂದಿನ ದಿನ ಕೇಂದ್ರಕ್ಕೆ ಹೋಗಿ ಎನ್‌ವಿಡಿಎಯಲ್ಲಿ ಕನ್ನಡ ದನಿ ಬರುತ್ತದಾ, ಕನ್ನಡ ಕೀಲಿಮಣೆ ಹಾಕಿದ್ದಾರಾ ನೋಡಿಕೊಂಡು ಬನ್ನಿ. ಹೆಡ್‌ಫೋನ್ ಮಾತ್ರ ನಿಮ್ಮದೇ ಒಯ್ಯಿರಿ.